ಪೇಪರ್ ಹಾಕುವ ಮುನ್ನ

ಬೆಳಗಿನ ಏಳು ಗಂಟೆಯ ಹೊತ್ತಿಗೆ ಸಾರಕ್ಕಿ ಮಾರುಕಟ್ಟೆಯಲ್ಲಿ ಸೊಪ್ಪು, ಹೂವಿನ ವ್ಯಾಪಾರ ಅರ್ಧ ಮುಗಿದಿರುತ್ತದೆ. ಕನಕಪುರ ರಸ್ತೆಯ ಅಂಚಿನಲ್ಲಿ ಕಂಪನಿ ಕ್ಯಾಬುಗಳು ಒಂದರ ಹಿಂದೊಂದು ನಿಲ್ಲತೊಡಗುತ್ತವೆ. ಜಯಪ್ರಕಾಶ ನಗರ ಮೆಟ್ರೊ ನಿಲ್ದಾಣದ ಮೆಟ್ಟಿಲು ಹತ್ತುವವರ ಕೊರಳಲ್ಲಿ ಬಗೆಬಗೆಯ ಬಣ್ಣದ ಪಟ್ಟಿಗಳು, ಅವುಗಳ ತುದಿಗೆ ಐಡಿ ಕಾರ್ಡುಗಳು. ಹತ್ತು, ಹದಿನೈದು ವರ್ಷಗಳಿಂದ ಆ ಕಾರ್ಡಿನ ಬಣ್ಣವೇ ಬದಲಾಗದವರು ಈ ಗುಂಪಿನಲ್ಲಿ ಬಹಳ ಮಂದಿ. ಅಂಥವರಲ್ಲೊಬ್ಬರ ಮೊಬೈಲಿಗೆ ಹೊಸ ಕಂಪನಿಯ ಆಫರ್ ಲೆಟರ್ ಬಂದು ಮೂರು ದಿನವಾಗಿರುತ್ತದೆ. ಸಂಬಳ ಈಗಿನದಕ್ಕಿಂತ ಮೂರನೇ ಒಂದು ಪಾಲು ಹೆಚ್ಚು. ಉತ್ತರ ಹೇಳಲು ಶುಕ್ರವಾರ ಕೊನೆಯ ದಿನ.

ಮನೆಯಲ್ಲಿ ಮಾತು ಎತ್ತಿದರೆ ತಲೆಗೊಂದು ಅಭಿಪ್ರಾಯ. ‘ಇಷ್ಟು ವರ್ಷ ಅನ್ನ ಹಾಕಿದ ಕಂಪನಿ ಕಣೋ’ ಎಂದು ಅಮ್ಮ. ‘ಲೋನ್ ಇನ್ನೂ ಹನ್ನೊಂದು ವರ್ಷ ಇದೆ, ಯೋಚನೆ ಮಾಡ್ರಿ’ ಎಂದು ಹೆಂಡತಿ. ‘ಇನ್ನೂ ಅಲ್ಲೇ ಕೂತಿದ್ದೀರಲ್ಲಾ ಭಾವ’ ಎಂದು ಬಾಮೈದ. ಮೂವರ ಮಾತಿನಲ್ಲೂ ಹುರುಳಿದೆ. ಆದರೆ ಮೂವರಲ್ಲಿ ಯಾರೂ ಕಾಗದ ತೆಗೆದು ಲೆಕ್ಕ ಹಾಕಿರುವುದಿಲ್ಲ.

ಬಹುಕಾಲದ ಕೆಲಸ ಬಿಡುವ ಅಂಜಿಕೆಯಲ್ಲಿ ಎರಡು ಅಂಜಿಕೆಗಳು ಬೆರೆತಿವೆ. ಒಂದು ದುಡ್ಡಿನದು: ಸರ್ವಿಸ್ ಹೋಗುತ್ತದೆ, ಗ್ರಾಚ್ಯುಟಿ ಹೋಗುತ್ತದೆ, ಪಿಎಫ್ ಗೊಂದಲವಾಗುತ್ತದೆ ಎಂಬುದು. ಇನ್ನೊಂದು ನಾಳೆಯ ದಿನ ಹೇಗಿರುತ್ತದೋ ಎಂಬುದು. ಮೊದಲನೆಯದು ಒಂದು ಸಂಜೆ ಕೂತರೆ ಬಗೆಹರಿಯುತ್ತದೆ, ಬಹಳಷ್ಟು ಸಲ ಭಯಪಟ್ಟಷ್ಟು ನಷ್ಟ ಅಲ್ಲಿರುವುದೇ ಇಲ್ಲ. ಅದನ್ನು ಬಗೆಹರಿಸಿಕೊಳ್ಳದಿದ್ದರೆ ಎರಡನೆಯದು ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ.

ಕಾಯಂ ಎಂಬ ನಂಬಿಕೆ

‘ಕಾಯಂ ಕೆಲಸ’ ಎಂದರೆ ಏನೆಂದು ಬೆಂಗಳೂರಿನ ಮಧ್ಯಮ ವರ್ಗಕ್ಕೆ ಕಲಿಸಿದ್ದು ದೊಡ್ಡ ಕಾರ್ಖಾನೆಗಳು. 1940ರಲ್ಲಿ ಶುರುವಾದ ಎಚ್‌ಎಎಲ್, 1948ರ ಐಟಿಐ, 1953ರ ಎಚ್‌ಎಂಟಿ, 1954ರ ಬಿಇಎಲ್. ಕಾರ್ಖಾನೆಯ ಬಸ್ಸು, ಕ್ಯಾಂಟೀನು, ಆಸ್ಪತ್ರೆ, ಮಕ್ಕಳಿಗೆ ಶಾಲೆ. ಇಪ್ಪತ್ತರ ವಯಸ್ಸಿನಲ್ಲಿ ಸೇರಿದವರು ಅದೇ ಗೇಟಿನಿಂದ ಶಾಲು ಹೊದ್ದು, ಹಾರ ಹಾಕಿಸಿಕೊಂಡು ನಿವೃತ್ತರಾಗುತ್ತಿದ್ದರು. ಕನಕಪುರ ರಸ್ತೆಯ ಆಸುಪಾಸಿನಲ್ಲಿ ಇಸ್ರೊ ಲೇಔಟ್, ಆರ್‌ಬಿಐ ಲೇಔಟ್ ಎಂದು ಬಡಾವಣೆಗಳಿಗೇ ನೌಕರಿಯ ಹೆಸರು ಅಂಟಿಕೊಂಡಿದೆ. ಆ ಮನೆಗಳಲ್ಲಿ ಬೆಳೆದವರೇ ಇವತ್ತು ಆಫರ್ ಲೆಟರ್ ಹಿಡಿದು ಕೂತಿರುವ ತಲೆಮಾರು. ಅವರ ಹಿಂಜರಿಕೆಗೆ ಬೇರು ಇಲ್ಲಿದೆ.

ಆ ಕಾಲದಲ್ಲೂ ಬಿಟ್ಟುಹೋದವರು ಇದ್ದರು. 1984ರಲ್ಲಿ ಟಾಟಾ ಸಮೂಹವೂ ತಮಿಳುನಾಡು ಕೈಗಾರಿಕಾ ಅಭಿವೃದ್ಧಿ ನಿಗಮವೂ ಸೇರಿ ಟೈಟನ್ ಕಟ್ಟಿದಾಗ ಹೊಸೂರಿನ ಕಾರ್ಖಾನೆಗೆ ಕೈಗಡಿಯಾರದ ಕೆಲಸ ಬಲ್ಲವರು ಬೇಕಾಯಿತು. ಅಂಥವರು ಇದ್ದದ್ದು ಎಚ್‌ಎಂಟಿಯಲ್ಲಿ. 1961ರಿಂದ ಗಡಿಯಾರ ಮಾಡುತ್ತಿದ್ದ ಎಚ್‌ಎಂಟಿ ಆಗ ಈ ದೇಶದ ಕೈಗಡಿಯಾರದ ಇನ್ನೊಂದು ಹೆಸರೇ ಆಗಿತ್ತು. ಮದುವೆಯಲ್ಲಿ ಅಳಿಯನಿಗೆ ಎಚ್‌ಎಂಟಿ ವಾಚು ಕೊಡುತ್ತಿದ್ದ ಕಾಲ. ಕೇಂದ್ರ ಸರ್ಕಾರದ ಅಂಥ ಕಂಪನಿಯ ನೌಕರಿ ಬಿಟ್ಟು, ಇನ್ನೂ ಒಂದು ಗಡಿಯಾರವನ್ನೂ ಮಾರದ ಸಂಸ್ಥೆಗೆ ಕೆಲವು ಅನುಭವಿ ಎಂಜಿನಿಯರುಗಳು ಹೋದರು. 1987ರಲ್ಲಿ ಟೈಟನ್ ಗಡಿಯಾರಗಳು ಮಾರುಕಟ್ಟೆಗೆ ಬಂದವು. 2016ರಲ್ಲಿ ಕೇಂದ್ರ ಸಚಿವ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು. ಕೊನೆಯವರೆಗೆ ಉಳಿದ ನೌಕರರಿಗೆ ಸ್ವಯಂನಿವೃತ್ತಿಯ ಹಣ ಲೆಕ್ಕ ಹಾಕಿದ್ದು 2007ರ ವೇತನ ಶ್ರೇಣಿಯಲ್ಲಿ.

ಹಾಗೆಂದು ಬಿಟ್ಟವರೇ ಜಾಣರು ಎಂದು ಹೇಳಲಾಗದು. ಅದೇ ಬೆಂಗಳೂರಿನ ಎಚ್‌ಎಎಲ್ 2024ರಲ್ಲಿ ಮಹಾರತ್ನ ಸ್ಥಾನಕ್ಕೇರಿದೆ. ಅಲ್ಲಿ ಉಳಿದವರು ಕೆಡಲಿಲ್ಲ. ಕಂಪನಿ ಹಳೆಯದೋ ಹೊಸದೋ, ಸರ್ಕಾರದ್ದೋ ಖಾಸಗಿಯದೋ ಎಂಬುದರಿಂದ ಅದರ ಮುಂದಿನ ಇಪ್ಪತ್ತು ವರ್ಷ ಗೊತ್ತಾಗುವುದಿಲ್ಲ. ಅದು ಮಾಡುವ ವಸ್ತುವಿಗೆ ಬೇಡಿಕೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದರಿಂದ ಸ್ವಲ್ಪಮಟ್ಟಿಗೆ ಗೊತ್ತಾಗುತ್ತದೆ. ತಮ್ಮ ಕಂಪನಿಗೆ ಹೊಸ ಗಿರಾಕಿಗಳು ಬರುತ್ತಿದ್ದಾರೆಯೇ, ಖಾಲಿಯಾದ ಹುದ್ದೆಗಳು ತುಂಬುತ್ತಿವೆಯೇ, ಹೊಸಬರಿಗೆ ತರಬೇತಿ ಕೊಡುತ್ತಿದ್ದಾರೆಯೇ ಎಂಬುದು ಒಳಗಿರುವವರಿಗೆ ಬೇರೆಲ್ಲರಿಗಿಂತ ಮೊದಲು ತಿಳಿಯುತ್ತದೆ. ತಿಳಿದದ್ದನ್ನು ಒಪ್ಪಿಕೊಳ್ಳುವುದೇ ಕಷ್ಟ.

ಹದಿನೈದು ವರ್ಷದ ಸರ್ವಿಸ್ ಏನಾಗುತ್ತದೆ?

ಗ್ರಾಚ್ಯುಟಿಯಿಂದ ಶುರು ಮಾಡೋಣ. ಐದು ವರ್ಷ ಸತತವಾಗಿ ದುಡಿದವರು ರಾಜೀನಾಮೆ ಕೊಟ್ಟು ಹೋದರೂ ಅದು ಸಿಗಲೇಬೇಕು. ಕಂಪನಿ ಪ್ರೀತಿಯಿಂದ ಕೊಡುವ ಉಡುಗೊರೆಯಲ್ಲ, 1972ರ ಕಾಯ್ದೆಯಿಂದ ಬಂದ ಹಕ್ಕು. ಆ ಕಾಯ್ದೆ ಈಗ 2025ರ ನವೆಂಬರ್ 21ರಿಂದ ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಕೊನೆಯ ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಬಂದದ್ದನ್ನು ಸೇವೆಯ ವರ್ಷಗಳಿಂದ ಗುಣಿಸಬೇಕು. ಕೊನೆಯ ವರ್ಷದಲ್ಲಿ ಆರು ತಿಂಗಳು ದಾಟಿದ್ದರೆ ಅದೂ ಪೂರ್ತಿ ವರ್ಷವೇ. ಮೂಲವೇತನ 60,000 ರೂಪಾಯಿ, ಸೇವೆ 14 ವರ್ಷ 8 ತಿಂಗಳು ಎನ್ನಿ. 15 ವರ್ಷದ ಲೆಕ್ಕದಲ್ಲಿ ಸುಮಾರು 5.19 ಲಕ್ಷ ರೂಪಾಯಿ ಬರುತ್ತದೆ. ಕಾನೂನಿನ ಮೇಲ್ಮಿತಿ 20 ಲಕ್ಷ. ಮೂವತ್ತು ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು.

‘ಇದ್ದುಬಿಟ್ಟಿದ್ದರೆ ಹಳೆಯ ವರ್ಷಗಳಿಗೂ ಕೊನೆಯ ಸಂಬಳದ ಲೆಕ್ಕ ಸಿಗುತ್ತಿತ್ತಲ್ಲ’ ಎಂಬುದು ಸರಿಯಾದ ಪ್ರಶ್ನೆ. ಅದನ್ನೂ ಲೆಕ್ಕ ಹಾಕಬಹುದು. ಇದೇ ಮನುಷ್ಯ ಇನ್ನೂ ಹತ್ತು ವರ್ಷ ಅಲ್ಲೇ ಇದ್ದು, ಮೂಲವೇತನ 1.20 ಲಕ್ಷ ಮುಟ್ಟಿತು ಎನ್ನಿ. 25 ವರ್ಷಕ್ಕೆ ಸುಮಾರು 17.3 ಲಕ್ಷ. ಈಗ ಬಿಟ್ಟು ಹೋಗಿ, ಹೊಸ ಕಡೆ ಹತ್ತು ವರ್ಷ ದುಡಿದು, ಕೊನೆಗೆ ಅದೇ 1.20 ಲಕ್ಷ ಮೂಲವೇತನ ಮುಟ್ಟಿದರೆ ಅಲ್ಲಿ ಸಿಗುವುದು 6.9 ಲಕ್ಷ. ಜೊತೆಗೆ ಈಗ ಕೈಗೆ ಬಂದ 5.19 ಲಕ್ಷವನ್ನು ಮುಟ್ಟದೆ ವರ್ಷಕ್ಕೆ ಶೇ 7ರ ಚಕ್ರಬಡ್ಡಿಯಲ್ಲಿ ಇಟ್ಟಿದ್ದರೆ ಅದು 10.2 ಲಕ್ಷವಾಗಿರುತ್ತದೆ. ಒಟ್ಟು 17.1 ಲಕ್ಷ. ಎರಡೂ ದಾರಿ ಹೆಚ್ಚುಕಡಿಮೆ ಒಂದೇ ಕಡೆಗೆ ಬಂದು ನಿಂತವು. ಆದರೆ ಇದರಲ್ಲಿ ಎರಡು ಷರತ್ತುಗಳಿವೆ. ಬಂದ ಗ್ರಾಚ್ಯುಟಿಯನ್ನು ಕಾರಿಗೋ ಮನೆಯ ಒಳಾಲಂಕಾರಕ್ಕೋ ಸುರಿಯಬಾರದು. ಹೊಸ ಕಂಪನಿಯಲ್ಲಿ ಐದು ವರ್ಷವಾದರೂ ನಿಲ್ಲಬೇಕು, ಕಾಯಂ ನೌಕರರಿಗೆ ಅಲ್ಲಿ ಎಣಿಕೆ ಮತ್ತೆ ಮೊದಲಿನಿಂದ.

ಪಿಎಫ್ ವಿಷಯದಲ್ಲಿ ಜನ ಎಡವುವುದು ಹಣ ತೆಗೆದುಬಿಡುವುದರಲ್ಲಿ. ಪಿಎಫ್ ಸದಸ್ಯರಿಗೆ ಕೊಡುವ ಯುಎಎನ್ ಸಂಖ್ಯೆ ಒಂದೇ, ಕಂಪನಿ ಬದಲಾದರೂ ಅದು ಬದಲಾಗದು. ಹೊಸ ಕಂಪನಿಗೆ ಅದೇ ಸಂಖ್ಯೆ ಕೊಟ್ಟು ಹಳೆಯ ಖಾತೆಯ ಹಣವನ್ನು ವರ್ಗಾಯಿಸಿಕೊಂಡರೆ ಸೇವೆಯ ಎಣಿಕೆ ಮುಂದುವರಿಯುತ್ತದೆ. ಇದರೊಳಗೇ ಇರುವ ಪಿಂಚಣಿ ಯೋಜನೆಗೆ ಹತ್ತು ವರ್ಷದ ಸೇವೆ ಬೇಕು, ಹಾಗಾಗಿ ಒಂಬತ್ತನೇ ವರ್ಷದಲ್ಲಿ ಹಣ ತೆಗೆದವರು 58ರ ವಯಸ್ಸಿನ ಪಿಂಚಣಿಯನ್ನೇ ಕಳೆದುಕೊಳ್ಳುತ್ತಾರೆ. ಆ ಪಿಂಚಣಿ ದೊಡ್ಡದೇನಲ್ಲ. 15 ವರ್ಷವೂ 15,000 ರೂಪಾಯಿಯ ಮಿತಿಯಲ್ಲೇ ಲೆಕ್ಕ ಹಾಕಿದರೂ ತಿಂಗಳಿಗೆ 3,214 ರೂಪಾಯಿ. ಆದರೆ 2014ರ ಸೆಪ್ಟೆಂಬರ್ 1ಕ್ಕೆ ಮೊದಲೇ ಸದಸ್ಯರಾದವರು ಒಂದು ಮಾತು ನೆನಪಿಡಬೇಕು. ಆ ದಿನದ ನಂತರ, 15,000ಕ್ಕಿಂತ ಹೆಚ್ಚು ಸಂಬಳದ ಮೇಲೆ ಹೊಸದಾಗಿ ಸೇರುವವರಿಗೆ ಪಿಂಚಣಿ ಯೋಜನೆಯ ಬಾಗಿಲು ಮುಚ್ಚಿದೆ. ಒಮ್ಮೆ ಹಣ ತೆಗೆದು ಹೊರಬಂದರೆ ಮತ್ತೆ ಒಳಗೆ ಹೋಗುವುದು ಕಷ್ಟ.

ನಿಜವಾಗಿ ಏಟು ಬೀಳುವುದು ಆರೋಗ್ಯ ವಿಮೆಯಲ್ಲಿ. ಇದನ್ನು ಯಾರೂ ಮೊದಲು ಯೋಚಿಸುವುದಿಲ್ಲ. ಕಂಪನಿಯ ಗುಂಪು ವಿಮೆ ಕೊನೆಯ ಕೆಲಸದ ದಿನಕ್ಕೆ ಮುಗಿಯುತ್ತದೆ. ಹೊಸ ಕಂಪನಿ ಅಪ್ಪ–ಅಮ್ಮನನ್ನು ವಿಮೆಯೊಳಗೆ ಸೇರಿಸಿಕೊಳ್ಳುತ್ತದೆಯೋ ಇಲ್ಲವೋ, ಸೇರಿಸಿದರೂ ಪ್ರೀಮಿಯಂ ಯಾರದು ಎಂಬುದು ಆಫರ್ ಲೆಟರಿನಲ್ಲಿ ಇರುವುದಿಲ್ಲ, ಕೇಳಿ ತಿಳಿಯಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವ ಹಿರಿಯರಿಗೆ ಹೊರಗೆ ಹೊಸ ಪಾಲಿಸಿ ಮಾಡಿಸಿದರೆ ಆ ಕಾಯಿಲೆಗಳಿಗೆ ರಕ್ಷಣೆ ಸಿಗಲು 36 ತಿಂಗಳವರೆಗೆ ಕಾಯಿಸಬಹುದು. ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಈ ಮಿತಿಯನ್ನು 48 ತಿಂಗಳಿಂದ ಇಳಿಸಿದ್ದರೂ ಮೂರು ವರ್ಷ ಚಿಕ್ಕ ಅವಧಿಯೇನಲ್ಲ. ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳುವ ಅವಕಾಶವಿದೆ, ಕಾದ ಅವಧಿ ಆಗ ಲೆಕ್ಕಕ್ಕೆ ಸೇರುತ್ತದೆ. ಇದನ್ನು ರಾಜೀನಾಮೆಗೆ ಮೊದಲೇ ವಿಚಾರಿಸಬೇಕು.

ವಿಜಯಾ ಬ್ಯಾಂಕಿನ ಎರಡು ಲಕ್ಷ

ಒಳ್ಳೆಯ ಆಫರ್ ಬಂದಾಗ ಹಳೆಯ ಕಂಪನಿ ತಡೆಯಬಹುದೇ? ಇದಕ್ಕೆ ಈಚಿನ ಸ್ಪಷ್ಟ ಉತ್ತರ ಸಿಕ್ಕಿದ್ದು ಕನ್ನಡನಾಡಿನದೇ ಒಂದು ಪ್ರಕರಣದಿಂದ.

1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಮಾಡಿಕೊಂಡಿದ್ದ ವಿಜಯಾ ಬ್ಯಾಂಕಿಗೆ ಒಬ್ಬ ಅಧಿಕಾರಿ 1999ರಲ್ಲಿ ಸೇರಿದ್ದರು. ಬಡ್ತಿಯೂ ಸಿಕ್ಕಿತ್ತು. 2006ರಲ್ಲಿ ಬ್ಯಾಂಕು 349 ಅಧಿಕಾರಿ ಹುದ್ದೆಗಳಿಗೆ ಅರ್ಜಿ ಕರೆದಾಗ, ಆಯ್ಕೆಯಾದವರು ಮೂರು ವರ್ಷ ತುಂಬುವ ಮುನ್ನ ಬಿಟ್ಟರೆ ಎರಡು ಲಕ್ಷ ರೂಪಾಯಿ ಕಟ್ಟಬೇಕೆಂಬ ಬಾಂಡ್ ಹಾಕಿತು. ಈ ಅಧಿಕಾರಿಯೂ ಅರ್ಜಿ ಹಾಕಿ, ಬಾಂಡಿಗೆ ಸಹಿ ಮಾಡಿ, 2007ರ ಸೆಪ್ಟೆಂಬರಿನಲ್ಲಿ ಸೀನಿಯರ್ ಮ್ಯಾನೇಜರ್ ಆದರು. 2009ರ ಜುಲೈನಲ್ಲಿ ಐಡಿಬಿಐ ಬ್ಯಾಂಕ್ ಸೇರಲು ರಾಜೀನಾಮೆ ಕೊಟ್ಟರು. ಆಕ್ಷೇಪವನ್ನು ದಾಖಲಿಸಿಯೇ ಎರಡು ಲಕ್ಷ ಕಟ್ಟಿ, ಕರ್ನಾಟಕ ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠವೂ ವಿಭಾಗೀಯ ಪೀಠವೂ ಅವರ ಪರವಾಗಿ ತೀರ್ಪು ಕೊಟ್ಟವು. ಬ್ಯಾಂಕು ಸುಪ್ರೀಂ ಕೋರ್ಟಿಗೆ ಹೋಯಿತು. 2025ರ ಮೇ 14ರಂದು ನ್ಯಾಯಮೂರ್ತಿಗಳಾದ ಪಿ.ಎಸ್. ನರಸಿಂಹ ಮತ್ತು ಜೊಯ್‌ಮಲ್ಯ ಬಾಗ್ಚಿ ಅವರ ಪೀಠ ಬ್ಯಾಂಕಿನ ಪರವಾಗಿ ತೀರ್ಪಿತ್ತಿತು. ಅಷ್ಟರಲ್ಲಿ ವಿಜಯಾ ಬ್ಯಾಂಕ್ ಎಂಬ ಹೆಸರೇ ಇರಲಿಲ್ಲ. 2019ರ ಏಪ್ರಿಲ್ 1ರಂದು ಅದು ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾಗಿತ್ತು. ಬೇಗ ಬಿಟ್ಟುಹೋದದ್ದಕ್ಕೆ ನೌಕರನಿಂದ ದಂಡ ಪಡೆದ ಸಂಸ್ಥೆ ತೀರ್ಪಿನ ಹೊತ್ತಿಗೆ ತಾನೇ ಇರಲಿಲ್ಲ ಎಂಬುದು ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಂಗತಿ.

ತೀರ್ಪಿನ ತಿರುಳು ಹೀಗೆ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ ಯಾರನ್ನೂ ತನ್ನ ವೃತ್ತಿ ಮಾಡದಂತೆ ತಡೆಯುವ ಕರಾರು ನಡೆಯುವುದಿಲ್ಲ. ಆದರೆ ಈ ಬಾಂಡ್ ಬೇರೆ ಬ್ಯಾಂಕಿಗೆ ಹೋಗಬೇಡ ಎನ್ನಲಿಲ್ಲ, ಬೇಗ ಹೋದರೆ ಇಷ್ಟು ಕಟ್ಟು ಎಂದಿತು. ಸರ್ಕಾರಿ ಬ್ಯಾಂಕು ಮನಸ್ಸಿಗೆ ಬಂದವರನ್ನು ತೆಗೆದುಕೊಳ್ಳುವಂತಿಲ್ಲ, ಜಾಹೀರಾತು ಕೊಟ್ಟು ದೀರ್ಘ ಪ್ರಕ್ರಿಯೆ ನಡೆಸಬೇಕು, ಆ ಖರ್ಚನ್ನು ನೋಡಿದರೆ ಮೊತ್ತ ಅತಿಯಲ್ಲ ಎಂದು ಕೋರ್ಟು ಹೇಳಿತು.

ಇದರಿಂದ ಸಾಮಾನ್ಯ ನೌಕರರು ತಿಳಿಯಬೇಕಾದದ್ದು ಸ್ಪಷ್ಟವಾಗಿದೆ. ‘ಬಿಟ್ಟ ಮೇಲೆ ಎರಡು ವರ್ಷ ಪ್ರತಿಸ್ಪರ್ಧಿಯಲ್ಲಿ ಕೆಲಸ ಮಾಡಕೂಡದು’ ಎಂಬ ಸಾಲಿಗೆ ನಮ್ಮ ಕೋರ್ಟುಗಳಲ್ಲಿ ಬೆಲೆ ಇಲ್ಲ. ಇಷ್ಟವಿಲ್ಲದವರನ್ನು ದುಡಿಸಲೂ ಬರುವುದಿಲ್ಲ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆ ಅದಕ್ಕೆ ಅವಕಾಶ ಕೊಡುವುದಿಲ್ಲ. ಆದರೆ ನ್ಯಾಯಬದ್ಧ ಮೊತ್ತದ ತರಬೇತಿ ಬಾಂಡ್, ನೋಟಿಸ್ ಅವಧಿಯ ಸಂಬಳ, ಕಂಪನಿಯ ಗುಟ್ಟು ಕಾಯುವ ಹೊಣೆ ಇವೆಲ್ಲ ಬೆನ್ನಿಗೆ ಬರುತ್ತವೆ. ಸೇರಿದಾಗಿನ ನೇಮಕಾತಿ ಪತ್ರ, ಆಮೇಲೆ ಬಡ್ತಿಯ ಸಮಯದಲ್ಲೋ ವಿದೇಶಕ್ಕೆ ಕಳಿಸಿದಾಗಲೋ ಸಹಿ ಹಾಕಿದ ಕಾಗದಗಳು ಎಲ್ಲವನ್ನೂ ತೆಗೆದು ಓದಬೇಕು. ಮೇಲಿನ ಅಧಿಕಾರಿಗೆ ಎರಡು ಲಕ್ಷ ಬಿದ್ದದ್ದು ಹೊಸ ಹುದ್ದೆಯ ಜೊತೆ ಬಂದ ಕಾಗದದಿಂದ.

ಸಿಟಿಸಿಯೂ ಕೈಗೆ ಬರುವ ದುಡ್ಡೂ

ಹೊಸ ಆಫರಿನ ದೊಡ್ಡ ಅಂಕಿ ಸಿಟಿಸಿ, ಅಂದರೆ ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು. ವರ್ಷಕ್ಕೆ 24 ಲಕ್ಷ ಎಂದರೆ ತಿಂಗಳಿಗೆ ಎರಡು ಲಕ್ಷ ಎಂದು ಮನಸ್ಸು ತಕ್ಷಣ ಭಾಗಿಸಿಬಿಡುತ್ತದೆ. ಅದರಲ್ಲಿ ಶೇ 15 ವೇರಿಯಬಲ್, ಅಂದರೆ ಸಾಧನೆ ನೋಡಿ ಕೊಡುವ ಪಾಲು, ಇದ್ದರೆ 3.6 ಲಕ್ಷ ಕೆಳಗಿಡಿ. ಮೂಲವೇತನ 12 ಲಕ್ಷವಾದರೆ ಕಂಪನಿಯ ಪಾಲಿನ ಪಿಎಫ್ 1.44 ಲಕ್ಷ, ಗ್ರಾಚ್ಯುಟಿಗೆ ಶೇ 4.81ರಂತೆ ಸುಮಾರು 58,000. ನಿಮ್ಮ ಪಾಲಿನ ಪಿಎಫ್ ಇನ್ನೊಂದು 1.44 ಲಕ್ಷ. ಉಳಿದದ್ದು ತಿಂಗಳಿಗೆ 1.41 ಲಕ್ಷ, ಅದೂ ಆದಾಯ ತೆರಿಗೆಗೆ ಮೊದಲು. ಪಿಎಫ್ ನಿಮ್ಮದೇ ಹಣ, ಎಲ್ಲಿಗೂ ಹೋಗದು. ಆದರೆ ಮನೆಸಾಲದ ಕಂತು ಹೋಗುವುದು ಕೈಗೆ ಬಂದ ದುಡ್ಡಿನಿಂದ.

ಹಳೆಯ ಕಂಪನಿಯ ಸಂಬಳವನ್ನೂ ಹೀಗೇ ಬಿಡಿಸಿ ಪಕ್ಕದಲ್ಲಿಡಬೇಕು. ಕೈಗೆ ಬರುವುದನ್ನು ಕೈಗೆ ಬರುವುದರ ಜೊತೆ ಹೋಲಿಸಿದಾಗ ‘ಮೂರನೇ ಒಂದು ಪಾಲು ಹೆಚ್ಚು’ ಎಂಬುದು ಕೆಲವೊಮ್ಮೆ ಆರನೇ ಒಂದಕ್ಕೆ ಇಳಿಯುತ್ತದೆ. ಜಾಯಿನಿಂಗ್ ಬೋನಸ್ ಇದ್ದರೆ, ವರ್ಷದೊಳಗೆ ಬಿಟ್ಟರೆ ವಾಪಸು ಕೊಡಬೇಕೆಂಬ ಸಾಲು ಬಹುತೇಕ ಇದ್ದೇ ಇರುತ್ತದೆ. ಷೇರು ಕೊಡುತ್ತೇವೆ ಎಂದರೆ, ಪೇಟೆಯಲ್ಲಿ ನೋಂದಣಿಯಾಗದ ಕಂಪನಿಯ ಷೇರನ್ನು ಸಂಬಳದ ಲೆಕ್ಕಕ್ಕೆ ಸೇರಿಸಬೇಡಿ. ನೋಟಿಸ್ ಅವಧಿ 90 ದಿನ, ಹೊಸ ಕಂಪನಿ 30 ದಿನದಲ್ಲಿ ಬಾ ಎನ್ನುತ್ತಿದ್ದರೆ ಉಳಿದ ಎರಡು ತಿಂಗಳ ಹಣ ಯಾರು ಕಟ್ಟುತ್ತಾರೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಹೊಸ ವೇತನ ಸಂಹಿತೆಯ ಪ್ರಕಾರ ರಾಜೀನಾಮೆ ಕೊಟ್ಟವರ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳಲ್ಲಿ ಚುಕ್ತಾ ಮಾಡಬೇಕು ಎಂಬುದೂ ನೆನಪಿರಲಿ.

ಸಾರಕ್ಕಿಯಿಂದ ಎಷ್ಟು ದೂರ?

ಬೆಂಗಳೂರಿನಲ್ಲಿ ಆಫೀಸಿನ ವಿಳಾಸವೂ ಸಂಬಳದ ಭಾಗ. 2017ರ ಜೂನ್‌ನಲ್ಲಿ ಹಸಿರು ಮಾರ್ಗ ಯಲಚೇನಹಳ್ಳಿಯವರೆಗೆ ಬಂದ ಮೇಲೆ ಸಾರಕ್ಕಿಯವರಿಗೆ ಮೆಜೆಸ್ಟಿಕ್ ಹತ್ತಿರವಾಯಿತು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಶುರುವಾದ ಮೇಲೆ ಎಲೆಕ್ಟ್ರಾನಿಕ್ ಸಿಟಿಯ ಆಫರಿನ ಬೆಲೆಯೇ ಬದಲಾಗಿದೆ. ಜಯಪ್ರಕಾಶ ನಗರದಿಂದ ಎರಡನೇ ನಿಲ್ದಾಣದಲ್ಲಿ ಇಳಿದು ಗಾಡಿ ಬದಲಾಯಿಸಿದರೆ ಸಿಲ್ಕ್ ಬೋರ್ಡಿನ ಟ್ರಾಫಿಕ್ ಕೆಳಗೇ ಉಳಿಯುತ್ತದೆ. ಬೆಳ್ಳಂದೂರು, ಮಾರತ್ತಹಳ್ಳಿ ಕಡೆಯ ಹೊರ ವರ್ತುಲ ರಸ್ತೆಯ ಕಥೆ ಬೇರೆ. ವೈಟ್‌ಫೀಲ್ಡಿಗೆ ಮೆಟ್ರೊ ಇದೆ, ಆದರೆ ಊರಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ.

ದಿನಕ್ಕೆ ಒಂದು ಗಂಟೆ ಪ್ರಯಾಣ ಹೆಚ್ಚಾದರೆ, ತಿಂಗಳಿಗೆ 20 ದಿನದಂತೆ ವರ್ಷಕ್ಕೆ 240 ಗಂಟೆ. ಎಂಟು ಗಂಟೆಯ ಕೆಲಸದ ದಿನದಲ್ಲಿ ಅದು 30 ದಿನ, ಅಂದರೆ ವರ್ಷಕ್ಕೊಂದು ತಿಂಗಳಿಗಿಂತ ಹೆಚ್ಚಿನ ದುಡಿಮೆ. ಮಕ್ಕಳ ಹೋಂವರ್ಕು, ಅಪ್ಪನ ಡಾಕ್ಟರ ಭೇಟಿ, ಕೆರೆಯ ಸುತ್ತಿನ ನಡಿಗೆ ಇವೆಲ್ಲ ಆ ಗಂಟೆಯಿಂದಲೇ ಕಡಿತವಾಗುತ್ತವೆ. ವಾರಕ್ಕೆ ಎಷ್ಟು ದಿನ ಆಫೀಸಿಗೆ ಬರಬೇಕು ಎಂಬುದು ಆಫರ್ ಲೆಟರಿನಲ್ಲೇ ಇರಲಿ ಎಂದು ಕೇಳುವುದರಲ್ಲಿ ಸಂಕೋಚಪಡಬೇಕಾದ್ದಿಲ್ಲ.

ವಿಶ್ವೇಶ್ವರಯ್ಯನವರ ಮರುಪ್ರಶ್ನೆ

ದುಡ್ಡು, ದಾರಿ, ಕಾನೂನು ಮುಗಿದ ಮೇಲೆ ಉಳಿಯುವುದು ಕೆಲಸ. ಇಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಉದಾಹರಣೆ ನನಗೆ ಬಹಳ ಮುಖ್ಯವೆನಿಸುತ್ತದೆ. 1884ರಲ್ಲಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದ ಅವರು 1908ರಲ್ಲಿ, 47ರ ವಯಸ್ಸಿನಲ್ಲಿ, ಅದನ್ನು ಬಿಟ್ಟರು. ಹೆಸರಿತ್ತು, ಗೌರವವಿತ್ತು, ಆದರೆ ಆ ವ್ಯವಸ್ಥೆಯಲ್ಲಿ ಭಾರತೀಯನೊಬ್ಬ ಮುಖ್ಯ ಎಂಜಿನಿಯರ್ ಆಗುವ ದಾರಿ ಕಾಣುತ್ತಿರಲಿಲ್ಲ. ನಂತರ ಮೈಸೂರು ಸಂಸ್ಥಾನದಿಂದ ಮುಖ್ಯ ಎಂಜಿನಿಯರ್ ಹುದ್ದೆಯ ಆಹ್ವಾನ ಬಂತು. ತಮ್ಮದೇ ನಾಡು, ದೊಡ್ಡ ಹುದ್ದೆ. ಆದರೂ ಅವರು ತಕ್ಷಣ ಒಪ್ಪಲಿಲ್ಲ. ಬರಿಯ ಇಲಾಖೆಯ ದಿನಚರಿಯ ಕೆಲಸವೋ, ಕೈಗಾರಿಕೆ ಮತ್ತು ತಾಂತ್ರಿಕ ಶಿಕ್ಷಣ ಬೆಳೆಸುವ ಅವಕಾಶವೂ ಇದೆಯೋ ಎಂದು ಮರಳಿ ಕೇಳಿದರು. ಭರವಸೆ ಸಿಕ್ಕ ಮೇಲೆ 1909ರ ನವೆಂಬರಿನಲ್ಲಿ ಅಧಿಕಾರ ವಹಿಸಿಕೊಂಡರು. 1912ರಲ್ಲಿ ದಿವಾನರಾದರು.

ನಮ್ಮಲ್ಲಿ ಸಂದರ್ಶನವೆಂದರೆ ಅವರು ಕೇಳುವುದು, ನಾವು ಹೇಳುವುದು ಎಂದಾಗಿಬಿಟ್ಟಿದೆ. ಹದಿನೈದು ವರ್ಷದ ಅನುಭವ ಇರುವವರು ಕೇಳಬೇಕು. ಈ ಹುದ್ದೆಯಲ್ಲಿ ಮೊದಲಿದ್ದವರು ಏಕೆ ಬಿಟ್ಟರು? ಮೊದಲ ಆರು ತಿಂಗಳಲ್ಲಿ ನನ್ನಿಂದ ಏನು ನಿರೀಕ್ಷೆ? ನಾನು ಯಾರ ಕೈಕೆಳಗೆ, ಅವರನ್ನು ಒಮ್ಮೆ ಭೇಟಿಯಾಗಬಹುದೇ? ಉತ್ತರ ತಡವರಿಸಿದರೆ ಅದೂ ಒಂದು ಉತ್ತರವೇ.

ರಾಜೀನಾಮೆ ಕೊಟ್ಟ ದಿನ ಹಳೆಯ ಮ್ಯಾನೇಜರ್ ಕರೆದು ‘ಅಷ್ಟೇ ಕೊಡ್ತೀವಿ, ಇದ್ಬಿಡಿ’ ಎನ್ನುವುದುಂಟು. ಸಂಬಳ ಒಂದೇ ಕಾರಣವಾಗಿದ್ದರೆ ಉಳಿಯುವುದರಲ್ಲಿ ತಪ್ಪಿಲ್ಲ. ಆದರೆ ಬೇರೆ ಕಾರಣಗಳಿಗೆ ಹೊರಟವರು ಹಣಕ್ಕೆ ನಿಂತರೆ ಆ ಕಾರಣಗಳೂ ಅಲ್ಲೇ ಉಳಿಯುತ್ತವೆ. ಇನ್ನು ಋಣದ ಮಾತು. ಕಂಪನಿ ಕೊಟ್ಟ ಸಂಬಳಕ್ಕೆ ಪ್ರತಿಯಾಗಿ ದುಡಿಮೆ ಸಂದಿದೆ. ಸಹೋದ್ಯೋಗಿಗಳ ಋಣ ನಿಜ, ಕೆಲಸವನ್ನು ಸರಿಯಾಗಿ ಒಪ್ಪಿಸಿ ಹೊರಡುವುದರಿಂದ ಅದನ್ನು ತೀರಿಸಬಹುದು.

ನನ್ನ ಅಭಿಪ್ರಾಯ ಇಷ್ಟು: ಕೈಗೆ ಬರುವ ಹಣ ಹೆಚ್ಚಿ, ದಾರಿ ಉದ್ದವಾಗದೆ, ಕಲಿಯಲು ಹೊಸದೇನಾದರೂ ಇದ್ದರೆ, ಬರೀ ಸರ್ವಿಸ್ ಕಳೆದುಹೋಗುತ್ತದೆ ಎಂಬ ಹೆದರಿಕೆಗೆ ಉಳಿಯಬೇಡಿ. ಮೂರರಲ್ಲಿ ಎರಡು ಇಲ್ಲದಿದ್ದರೆ ಅಂಕಿ ಎಷ್ಟೇ ದೊಡ್ಡದಿರಲಿ, ಇನ್ನೊಂದು ಆಫರಿಗೆ ಕಾಯಿರಿ. ಏನೇ ತೀರ್ಮಾನಿಸಿದರೂ ಹೊಸ ಕಂಪನಿಯ ಸಹಿಯಿರುವ ಪತ್ರ ಕೈಗೆ ಬರುವ ತನಕ ರಾಜೀನಾಮೆ ಕಳಿಸಬೇಡಿ, ಅಪ್ಪ–ಅಮ್ಮನ ವಿಮೆ ಒಂದು ದಿನವೂ ಕಡಿಯದಂತೆ ನೋಡಿಕೊಳ್ಳಿ, ಪಿಎಫ್ ಹಣ ತೆಗೆಯದೆ ವರ್ಗಾಯಿಸಿ.